ಕರಿಬಂಡೆಯ ಹಾಜರಿ

ದಾಕ್ಷಾಯಣಿ ಬಾಯಿ ಮುಚ್ಚಿಕೊಂಡು ನಿಂತದ್ದನ್ನು ಕರಿಬಂಡೆ ಕಾಲೊನಿಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ಹೆಂಗಸು. ಅವಳು ಯಲಹಂಕದಲ್ಲಿ ನಿಂತು ‘ರೈಟ್’ ಅಂದರೆ ವಿದ್ಯಾರಣ್ಯಪುರದಲ್ಲಿ ನಿಂತ ಬಸ್ಸೂ ಹೊರಟುಬಿಡುತ್ತದೆ ಎಂದು ಡಿಪೋದವರು ತಮಾಷೆ ಮಾಡುತ್ತಾರೆ. ಅಂಥವಳು ಡಿಸೆಂಬರಿನ ಆ ಭಾನುವಾರ, ನೂರು ಜನರ ಎದುರು ತನ್ನ ಹೆಸರು ಕೂಗಿದಾಗ ತುಟಿ ಬಿಚ್ಚಲಿಲ್ಲ. ಏಕೆ ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಕರಿಬಂಡೆ ಕಾಲೊನಿ ಎಂದರೆ ಯಲಹಂಕದ ಆಚೆ ದೊಡ್ಡ ರಸ್ತೆಗೆ ಹೊಂದಿಕೊಂಡ ಎಪ್ಪತ್ತು ಮನೆ. ಕುಷ್ಟಗಿ, ಇಳಕಲ್ ಕಡೆಯಿಂದ ಕಲ್ಲು ಒಡೆಯಲು ಬಂದವರು ಗಣಿಯ ಅಂಚಿನಲ್ಲೇ ಗುಡಿಸಲು ಹಾಕಿಕೊಂಡು, ಆಮೇಲೆ ಅದನ್ನೇ ಊರು ಮಾಡಿಕೊಂಡರು. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಅಲ್ಲಿ ನೀರು ನಿಂತಿದೆ, ನೀರಿನ ಸುತ್ತ ಅಪಾರ್ಟ್‌ಮೆಂಟಿನವರ ಬೇಲಿ ಎದ್ದಿದೆ. ಉಳಿದದ್ದು ರಸ್ತೆ ಬದಿಯ ಒಂದೇ ಒಂದು ಬಂಡೆ. ಅರ್ಧ ಬಸ್ಸಿನಷ್ಟು ದೊಡ್ಡದು, ಅದರ ಮೇಲೆ ಐದು ಹೆಸರು. ಹಿಂದೆ ಸೇನೆಯವರಿಗೆ ಬೆಟ್ಟ ಸಿಡಿಸಿ ರಸ್ತೆ ಮಾಡಲು ಮದ್ದಿನ ಕೆಲಸ ಬಲ್ಲವರು ಬೇಕಾದಾಗ ಈ ಗಣಿಯಿಂದ ಹದಿನಾಲ್ಕು ಜನ ಭರ್ತಿಯಾಗಿದ್ದರು. ಎರಡು ಯುದ್ಧ ಮುಗಿಯುವಷ್ಟರಲ್ಲಿ ಐದು ಜನ ಹೋದವರು ತಿರುಗಿ ಬರಲಿಲ್ಲ. ದುರಗಪ್ಪ, ಶರಣು, ಯಮನೂರಪ್ಪ, ಮೊಹಮ್ಮದ್. ಎಲ್ಲರಿಗಿಂತ ಕೆಳಗೆ ಶಿವಪುತ್ರ.

ಶಿವಪುತ್ರ ದಾಕ್ಷಾಯಣಿಯ ಅಪ್ಪ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ಅವನು ತೀರಿಕೊಂಡಾಗ ಅವಳಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಅವನದೊಂದು ಫೋಟೋ ಇಲ್ಲ. ಬರೆದಿದ್ದ ಒಂದೇ ಕಾಗದವನ್ನು ಗೆದ್ದಲು ತಿಂದು ಮುಗಿಸಿತು. ಆದರೆ ಅದಕ್ಕೂ ಮೊದಲೇ, ಹೆಸರು ಕೆತ್ತಿದ ಪಂಚಪ್ಪ ಆ ಕಾಗದದ ಕೊನೆಯಲ್ಲಿದ್ದ ರುಜುವನ್ನು ಇದ್ದದ್ದು ಇದ್ದ ಹಾಗೆ ಕಲ್ಲಿಗೆ ಇಳಿಸಿದ್ದ. ಸೇನೆಗೆ ಸೇರಿದ ಮೇಲೆ ಅಕ್ಷರ ಕಲಿತವನ ಬರಹ. ಓರೆಯಾಗಿ, ದಪ್ಪವಾಗಿ, ಜಾಗ ಸಾಲದೆ ಕೊನೆಯ ಅಕ್ಷರ ಮೇಲಕ್ಕೆ ಹತ್ತಿಬಿಟ್ಟಿದೆ. ಅಪ್ಪನದು ಅಂತ ದಾಕ್ಷಾಯಣಿಗೆ ಈ ಲೋಕದಲ್ಲಿ ಇರುವುದು ಅಷ್ಟೇ. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಆ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸದೆ ಅವಳು ಬಸ್ಸು ಹತ್ತುತ್ತಿರಲಿಲ್ಲ.

ಈಗ ರಸ್ತೆ ಅಗಲವಾಗುವ ಕಾಲ ಬಂತು. ಬಂಡೆ ಹೊಸ ರಸ್ತೆಯ ನಟ್ಟನಡುವೆ! ಗುತ್ತಿಗೆದಾರರ ಕಡೆಯ ಇಂಜಿನಿಯರ್ ಸ್ಮಿತಾ, ಇನ್ನೂ ಮೂವತ್ತು ತುಂಬದ ಹುಡುಗಿ, ಕೆಟ್ಟವಳೇನಲ್ಲ. “ಗ್ರಾನೈಟ್ ಮೇಲೆ ಲೇಸರ್‌ನಲ್ಲಿ ಹೊಸ ಬೋರ್ಡ್ ಮಾಡಿಸ್ಕೊಡ್ತೀವಿ ಆಂಟಿ, ಸೂಪರ್ ಆಗಿರುತ್ತೆ” ಎಂದಿದ್ದಳು.

“ನಿಮ್ ಲೇಸರ್‌ಗೆ ನಮ್ಮಪ್ಪನ ಕೈಬರಹ ಬರುತ್ತೇನಮ್ಮಾ?” ಎಂದು ದಾಕ್ಷಾಯಣಿ ಕೇಳಿದ ಜೋರಿಗೆ ಆ ಹುಡುಗಿ ಮತ್ತೆ ಬೋರ್ಡಿನ ಮಾತೆತ್ತಲಿಲ್ಲ. ಹದಿನೈದು ದಿನ ಆಫೀಸಿಗೆ ಅಲೆದಾಡಿ, ಕೊನೆಗೊಂದು ಒಪ್ಪಂದವಾಯಿತು. ಬಂಡೆ ಪೂರ್ತಿ ಎತ್ತುವ ಕ್ರೇನು ಸಿಗುವುದಿಲ್ಲ. ಹೆಸರಿರುವ ಮುಖವನ್ನಷ್ಟೇ ಒಂದೂವರೆ ಅಡಿ ದಪ್ಪದ ಚಪ್ಪಡಿಯಾಗಿ ಬಿಡಿಸಿಕೊಂಡರೆ ಸಣ್ಣ ಕ್ರೇನಿನಲ್ಲಿ ಎತ್ತಿ ಕಾಲೊನಿಯ ಅಂಗನವಾಡಿ ಪಕ್ಕ ನಿಲ್ಲಿಸಬಹುದು. ಭಾನುವಾರ ಹನ್ನೆರಡು ಗಂಟೆಯವರೆಗೆ ರಸ್ತೆ ಮುಚ್ಚಿರುತ್ತದೆ. ಹನ್ನೆರಡಾದ ಮೇಲೆ ಬಂಡೆ ಪುಡಿ ಮಾಡುವ ಯಂತ್ರ ಬರುತ್ತದೆ, ಆಮೇಲೆ ಯಾರ ಮಾತೂ ನಡೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೇ ಬಂಡೆಯ ಸುತ್ತ ಮದುವೆ ಮನೆಯ ಗದ್ದಲ! ಚಹಾದ ಪಾತ್ರೆ ಬಂತು, ಕುರ್ಚಿಗಳು ಬಂದವು, ಗಂಗಾನಗರದಲ್ಲಿ ಗ್ರಾನೈಟ್ ಅಂಗಡಿ ಇಟ್ಟಿರುವ ಆತಿಫ್ ತನ್ನ ಡ್ರಿಲ್ಲಿಂಗ್ ಮಷಿನ್ ಹೊತ್ತುಕೊಂಡು ಬಂದ. ಮೊಹಮ್ಮದನ ಹೆಂಡತಿ ಜೈಬುನ್ನೀಸಾ, ಆತಿಫನ ಅಜ್ಜಿ, ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಳು. ಎಲ್ಲರಿಗಿಂತ ಕೊನೆಗೆ ಪಂಚಪ್ಪನನ್ನು ಇಬ್ಬರು ಕೈಹಿಡಿದು ಕರೆತಂದರು. ಎಂಬತ್ತನಾಲ್ಕು ವರ್ಷ. ಆ ಗಣಿಯ ಕೊನೆಯ ಮೇಸ್ತ್ರಿ. ಕಣ್ಣು ಕಲ್ಲಿನ ಧೂಳಿಗೆ ಹೋಗಿ ಹತ್ತು ವರ್ಷವಾಗಿದ್ದರೂ ಗತ್ತು ಮಾತ್ರ ಒಂದಿಷ್ಟೂ ಹೋಗಿರಲಿಲ್ಲ.

“ಬಿಸಿಲು ಯಾ ಕಡಿಂದ ಬರಾಕತ್ತೈತಿ, ದಾಕ್ಷಿ?”

“ಬಂಡೆಗೆ ಮುಖ ಮಾಡಿ ನಿಂತ್ರೆ ಎಡಗಡೆಯಿಂದ ಕಾಕಾ.”

ಪಂಚಪ್ಪ ಹೆಸರುಗಳ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. “ಹಂಗಾದ್ರ ಹೆಸರಿನ ಮಾರಿ ಬಡಗಣಕ್ಕೈತಿ. ಈ ಗಣ್ಯಾಗಿನ ಕಲ್ಲಿನ ಎಳಿ ಮೂಡಣದಿಂದ ಪಡುವಣಕ್ಕ. ಮಾರಿ ಗುಂಟನ ಎಳಿ ಐತಿ ಅಂದಂಗಾತು. ಆತಿಫಾ, ಮ್ಯಾಲೆ ಒಂಬತ್ತು ಕುಳಿ ಹೊಡಿ. ಸಾಕು. ಬೆಣ್ಣಿ ಕೊಯ್ದಂಗ ಬರ್ತೈತಿ.”

ಕಟ್ಟಿಗೆಗೆ ಹೇಗೋ ಕಲ್ಲಿಗೂ ಹಾಗೆಯೇ ಎಳೆ ಇರುತ್ತದೆ. ಎಳೆಯ ಗುಂಟ ಬೆಣೆ ಬಡಿದರೆ ಸಲೀಸಾಗಿ ಸೀಳುತ್ತದೆ. ಅಡ್ಡ ಬಡಿದರೆ ಬಿರುಕು ನಮ್ಮ ಮಾತು ಕೇಳದೆ ಎಳೆಯ ದಾರಿಯನ್ನೇ ಹಿಡಿದು ಓಡುತ್ತದೆ. ಒಂದು ಗಣಿಯ ಎಳೆಯೆಲ್ಲ ಒಂದೇ ದಿಕ್ಕಿಗೆ ಇರುವುದರಿಂದ ಕರಿಬಂಡೆಯವರು ಕಲ್ಲನ್ನು ನೋಡುತ್ತಲೇ ಇರಲಿಲ್ಲ, ಸೂರ್ಯನನ್ನು ನೋಡಿ ಬೆಣೆ ಹಾಕುತ್ತಿದ್ದರು. ಮೂರು ತಲೆಮಾರು ಹಾಗೆಯೇ ಬದುಕಿತ್ತು.

ಒಂಬತ್ತು ಕುಳಿ ಒಂಬತ್ತೂವರೆಗೆಲ್ಲ ತಯಾರಾದವು. ಜನ ಶಿಳ್ಳೆ ಹೊಡೆದರು. ದಾಕ್ಷಾಯಣಿ ಸಂಭ್ರಮದಲ್ಲಿ ಎಲ್ಲರಿಗೂ ಚಹಾ ಹಂಚುತ್ತ ಜೈಬುನ್ನೀಸಾಳ ಬಳಿ ಬಂದಾಗ ಮುದುಕಿ ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು.

“ಎಂಥಾ ಥಂಡಿ ಬೇಟಿ ಇಲ್ಲಿ! ಹೆಸರಿನ ಮೇಲೆ ಬಿಸಿಲೇ ಬೀಳಲ್ಲ ನೋಡು. ಮೊದ್ಲು ಹಿಂಗಿರ್ಲಿಲ್ಲ ಅಲ್ವಾ?”

ಲೋಟ ದಾಕ್ಷಾಯಣಿಯ ಕೈಯಲ್ಲೇ ಉಳಿಯಿತು. ಅವಳ ಅವ್ವ ಇದೇ ಬಂಡೆಯ ಬುಡದಲ್ಲಿ ಕೂತು ಜಲ್ಲಿ ಒಡೆದವಳು. ಸಾಯುವವರೆಗೂ ನೂರು ಸಲ ಹೇಳಿದ್ದಳು: ಬೆಳಿಗ್ಗೆ ನಿಮ್ಮಪ್ಪನ ಹೆಸರಿನ ಮೇಲೆ ಚುರುಚುರು ಬಿಸಿಲು, ಹೊತ್ತು ವಾಲಿದ ಮೇಲೆ ನೆರಳು, ಆಗ ನಿನ್ನ ಜೋಲಿ ತಂದು ಅಲ್ಲಿ ಕಟ್ಟುತ್ತಿದ್ದೆ, ನಿಮ್ಮಪ್ಪನ ನೆರಳಲ್ಲಿ ಮಲಗ್ಲಿ ಅಂತ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ನೆರಳು! ಅಂದರೆ ಹೆಸರು ಆಗ ಮೂಡಣಕ್ಕೆ ಮುಖ ಮಾಡಿತ್ತು. ಗಣಿ ಮುಚ್ಚಿದ ಮೇಲೆ ಬಂಡೆಯನ್ನು ಸರಪಳಿ ಹಾಕಿ ಅಂಚಿನಿಂದ ರಸ್ತೆಗೆ ಎಳೆತಂದಿದ್ದರು. ಎಳೆಯುವಾಗ ಅದು ತಿರುಗಿತ್ತು. ಪಂಚಪ್ಪ ಆಗ ಊರಲ್ಲೇ ಇರಲಿಲ್ಲ, ಹಟ್ಟಿಯ ಚಿನ್ನದ ಗಣಿಗೆ ಕೆಲಸಕ್ಕೆ ಹೋಗಿದ್ದ, ಕಣ್ಣು ಮಂಜಾದ ಮೇಲೆಯೇ ಮರಳಿದ. ಬಂಡೆ ಜಾಗ ಬಿಟ್ಟು ಬಂದದ್ದು ಅವನಿಗೆ ಗೊತ್ತು, ತಿರುಗಿದ್ದು ಗೊತ್ತಿಲ್ಲ!

ಬಂಡೆ ತಿರುಗಿದರೆ ಎಳೆಯೂ ಅದರ ಜೊತೆಗೇ ತಿರುಗಿರಬೇಕಲ್ಲ? ಹಾಗಾದರೆ ಎಳೆ ಈಗ ಮುಖದ ಗುಂಟ ಇಲ್ಲ. ನೆಟ್ಟಗೆ ಅಪ್ಪನ ಹೆಸರಿನ ಮೇಲೇ ಹಾದಿದೆ, ಬೆಣೆ ಬಡಿದರೆ ಬಿರುಕೂ ಅಲ್ಲಿಗೇ ಓಡುತ್ತದೆ. ಅವಳು ಲೋಟ ಕೆಳಗಿಟ್ಟು ಬಂಡೆಯ ಕಡೆ ಓಡಿದಳು.

“ಆತಿಫ್, ಒಂದ್ನಿಮಿಷ ನಿಲ್ಸು! ಈ ಬಂಡೆ ಮೊದ್ಲು ಹಿಂಗಿರ್ಲಿಲ್ಲ.”

“ಅಕ್ಕಾ, ಪಂಚಪ್ಪ ಅಜ್ಜಂಗೇ ಕಲ್ಲಿನ ಪಾಠ ಹೇಳ್ತೀಯಾ? ಹೋಗಕ್ಕಾ, ಟಿಕೆಟ್ ಹರಿ ಹೋಗು” ಎಂದು ನಗುತ್ತಲೇ ಅವನು ಬೆಣೆ ಕೂರಿಸತೊಡಗಿದ. ದಾಕ್ಷಾಯಣಿ ಪಂಚಪ್ಪನ ಹತ್ತಿರ ಹೋಗಿ ಕೂಗಿದಳು. ಅಷ್ಟರಲ್ಲಿ ಯಲಹಂಕದ ವಾಯುನೆಲೆಯಿಂದ ಎರಡು ವಿಮಾನ ಎದ್ದು ತಲೆಯ ಮೇಲೇ ಹಾದುಹೋದವು, ಅವಳ ಆ ಗಂಟಲೂ ಸಾಲಲಿಲ್ಲ. ಸದ್ದು ಅಡಗುವ ಮೊದಲೇ ಪಂಚಪ್ಪ ಕೋಲೆತ್ತಿದ. ಹಾಜರಿ ಶುರುವಾಯಿತು.

ಹಾಜರಿ ಎಂದರೆ ಕರಿಬಂಡೆಯ ಕಟ್ಟುನಿಟ್ಟು. ಮದ್ದಿನ ಬತ್ತಿಗೆ ಬೆಂಕಿ ಇಡುವ ಮೊದಲು, ದೊಡ್ಡ ಕಲ್ಲಿಗೆ ಕೊನೆಯ ಪೆಟ್ಟು ಕೊಡುವ ಮೊದಲು ಮೇಸ್ತ್ರಿ ಅಲ್ಲಿರುವವರ ಹೆಸರನ್ನೆಲ್ಲ ಕೂಗಬೇಕು. ಪ್ರತಿಯೊಬ್ಬರೂ ‘ಹೊರಗಿದ್ದೀನಿ’ ಅನ್ನಬೇಕು, ಅಂದರೆ ಅಪಾಯದಿಂದ ಆಚೆ ಇದ್ದೀನಿ ಅಂತ. ಅಲ್ಲೇ ಇದ್ದೂ ಬಾಯಿ ಬಿಡಲಾಗದವನಿಗೆ, ಅವನನ್ನು ಕಣ್ಣಾರೆ ಕಂಡ ಮನೆಯವರು ‘ಹೊರಗಿದ್ದಾನೆ’ ಅನ್ನಬಹುದು. ಒಂದು ಹೆಸರಿಗೆ ಉತ್ತರ ಬರಲಿಲ್ಲವೋ, ಸುತ್ತಿಗೆ ಏಳುವಂತಿಲ್ಲ. ಕಲ್ಲಿನ ಕೆಲಸ ಬಿಟ್ಟು ಅಂಗಡಿ, ಆಫೀಸು ಸೇರಿದವರೂ ಈ ಮಾತನ್ನು ಮೀರಿದವರಲ್ಲ.

“ಆತಿಫ್!”

“ಹೊರಗಿದ್ದೀನಿ!”

“ಜೈಬುನ್ನೀಸಾ!”

“ಹೊರಗಿದ್ದೀನಪ್ಪಾ!”

“ದಾಕ್ಷಾಯಣಿ!”

ದಾಕ್ಷಾಯಣಿ ತುಟಿ ಕಚ್ಚಿಕೊಂಡಳು.

“ದಾಕ್ಷಾಯಣಿ!”

ಜನ ತಿರುಗಿ ನೋಡಿದರು. ಅವಳು ಎಲ್ಲರ ಕಣ್ಣೆದುರು, ಸೊಂಟಕ್ಕೆ ಕೈಕೊಟ್ಟು, ದುರುಗುಟ್ಟಿಕೊಂಡು ನಿಂತಿದ್ದಳು. ಆತಿಫ್ ಎತ್ತಿದ ಸುತ್ತಿಗೆಯನ್ನು ಇಳಿಸಿ ನೆಲಕ್ಕಿಟ್ಟ.

“ಅಕ್ಕಾ, ಏನಿದು ತಮಾಷೆ? ಟೈಮಾಗ್ತಿದೆ!”

“ಯಾಕವಾ?” ಪಂಚಪ್ಪನ ದನಿ ಈಗ ಮೆಲ್ಲಗಿತ್ತು. “ಎಲ್ಲದಿ ನೀ?”

“ಇಲ್ಲೇ ಇದ್ದೀನಿ ಕಾಕಾ. ಆದ್ರೆ ಉತ್ತರ ಕೊಡಲ್ಲ. ಕೂಗಿ ಕೂಗಿ ಸಾಕಾಯ್ತು, ಕೇಳೋರಿಲ್ಲ, ಸುಮ್ನಿದ್ರೆ ಕೇಳ್ತೀರಲ್ಲಾ!” ಎಂದು ಒಂದೇ ಉಸಿರಿಗೆ ಬಿಸಿಲು, ನೆರಳು, ಅವ್ವನ ಜೋಲಿ, ಸರಪಳಿ ಎಲ್ಲವನ್ನೂ ಹೇಳಿ ಮುಗಿಸಿದಳು.

ಪಂಚಪ್ಪ ಕೋಲು ಕೆಳಗಿಟ್ಟ. ಆಮೇಲೆ ಗೋಣಿಚೀಲ ನೆನೆಸಿ ಬಂಡೆಯ ನೆತ್ತಿಯ ಮೇಲೆ ಹಾಸಲು ಹೇಳಿದ. ಐದು ನಿಮಿಷ ಬಿಟ್ಟು ತೆಗೆಸಿದ. “ನೀನ ಮ್ಯಾಲೆ ಹತ್ತು, ದಾಕ್ಷಿ. ನೀರು ಆರೂ ಮುಂದ ಹಸಿ ಗೆರಿ ಯಾ ಕಡೆ ನಿಲ್ತಾವ ನೋಡಿ ಹೇಳು.”

ಐವತ್ತಮೂರರ ಹೆಂಗಸು ಸೀರೆ ಎತ್ತಿ ಕಟ್ಟಿ ಬಂಡೆ ಹತ್ತಿದಳು. ನೀರು ಆರುತ್ತ ಬಂತು. ಕೂದಲೆಳೆಯಂಥ ಕಪ್ಪು ಗೆರೆಗಳು ಉಳಿದವು. ಒಂದು, ಎರಡು, ಹತ್ತು. ಎಲ್ಲವೂ ಹೆಸರುಗಳ ಕಡೆಗೇ ಮುಖ ಮಾಡಿದ್ದವು.

“ಅಡ್ಡ ಇದಾವೆ ಕಾಕಾ! ಎಲ್ಲಾ ಅಡ್ಡ!”

ಪಂಚಪ್ಪ ತನ್ನ ಹಣೆಯನ್ನು ತಾನೇ ಚಚ್ಚಿಕೊಂಡ. “ಕೆತ್ತಿದವನೂ ನಾನ, ಸೀಳಿ ಹಾಕ್ತಿದ್ದವನೂ ನಾನ ಆಗ್ತಿದ್ನೆಲ್ಲೋ! ಕಲ್ಲಿಗೆ ಕೇಳೂದು ಬಿಟ್ಟು ಸೂರ್ಯಾಗ ಕೇಳಿದೆ.”

“ಹಾಗಿದ್ರೆ ಈಗ ಆಗಲ್ವಾ ತಾತ?” ಸ್ಮಿತಾ ಕೇಳಿದಳು. ಅವಳ ಕಣ್ಣು ಗಡಿಯಾರದ ಮೇಲಿತ್ತು. ಹತ್ತು ಗಂಟೆ ಹತ್ತು ನಿಮಿಷ.

“ಯಾಕಾಗೂದಿಲ್ಲ? ಅಡ್ಡ ಸೀಳ್ಬೇಕಂದ್ರ ನಾಕ್ ಬೆರಳಿಗೊಂದು ಕುಳಿ ಬೇಕು, ಒಂದು ಮೊಳ ಆಳ. ಮೂವತ್ತು ಕುಳಿ, ಮೂವತ್ತು ಬೆಣಿ. ಒಂದ ಮಷಿನ್ಯಾಗ ಸಂಜಿ ಆಗ್ತೈತಿ.”

“ಒಂದ್ ಮಷಿನ್ ಅಂತ ಯಾರ್ ಹೇಳಿದ್ದು?” ಎನ್ನುವಾಗಲೇ ಆತಿಫ್ ಫೋನ್ ಕಿವಿಗಿಟ್ಟಿದ್ದ. “ಗುರು, ಎಲ್ಲಿದ್ದೀಯಾ? ಅಂಗಡಿ ಬಾಗ್ಲು ಹಾಕು, ಡ್ರಿಲ್ ತಗೊಂಡು ಕರಿಬಂಡೆಗೆ ಬಾ. ಯಾಕೆ ಏನು ಆಮೇಲ್ ಕೇಳು, ಗಾಡಿ ಹತ್ತು ಮೊದ್ಲು!”

ಆಮೇಲೆ ನಡೆದದ್ದನ್ನು ಕಾಲೊನಿಯವರು ಇವತ್ತಿಗೂ ಹೇಳಿ ದಣಿದಿಲ್ಲ. ವಿದ್ಯಾರಣ್ಯಪುರದಿಂದ ಇಬ್ಬರು ಸ್ಕೂಟರಿನಲ್ಲಿ ಡ್ರಿಲ್ ಕಟ್ಟಿಕೊಂಡು ಬಂದರು. ಹೆಬ್ಬಾಳದಿಂದ ಆಟೋದಲ್ಲಿ ಇನ್ನೆರಡು ಬಂದವು. ಒಮ್ಮೆಗೇ ಐದು ಮಷಿನ್ ಗರ್ ಎಂದಾಗ ಅಂಗನವಾಡಿಯ ಫ್ಯೂಸು ಹಾರಿಹೋಯಿತು. ದಾಕ್ಷಾಯಣಿ ಸ್ಮಿತಾಳ ಕಡೆ ನೋಡಿದ ನೋಟಕ್ಕೆ ಆ ಹುಡುಗಿ ತನ್ನ ಸೈಟಿನ ಜನರೇಟರ್ ತರಿಸಿದಳು. ಧೂಳಿನಲ್ಲಿ ಯಾರ ಮುಖವೂ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಹದಿನೆಂಟು ಕುಳಿ! ಇಪ್ಪತ್ತನಾಲ್ಕು! ಕುಳಿ ಮುಗಿದಂತೆಲ್ಲ ದಾಕ್ಷಾಯಣಿ ಸ್ಟಾಪಿನ ಹೆಸರು ಕೂಗುವ ಹಾಗೆ ಲೆಕ್ಕ ಕೂಗುತ್ತಿದ್ದಳು, ಜನ ಹೋ ಎನ್ನುತ್ತಿದ್ದರು.

ಬೆಣೆಗಳು ಮಾತ್ರ ಇಪ್ಪತ್ತಾರೇ ಆದವು. ಎಲ್ಲ ಅಂಗಡಿಯದೂ ಸೇರಿ ಇಪ್ಪತ್ತಾರು. ಇನ್ನೂ ನಾಲ್ಕು ಬೇಕು, ಗಂಟೆ ಹನ್ನೊಂದೂವರೆ! ಜೈಬುನ್ನೀಸಾ ಎದ್ದು ಮನೆಯ ಕಡೆಗೆ ಹೆಜ್ಜೆ ಹಾಕಿದಳು. ಸುಸ್ತಾಗಿ ಹೋದಳೇನೋ ಎಂದುಕೊಂಡರು. ಹಿಂದಿರುಗಿದಾಗ ಅವಳ ಸೆರಗಿನಲ್ಲಿ ಹಳೆಯ ಬಟ್ಟೆಯ ಗಂಟಿತ್ತು. ಬಿಚ್ಚಿದರೆ ಎಣ್ಣೆ ಸವರಿ ಇಟ್ಟ ಐದು ಬೆಣೆ, ಒಂದಕ್ಕೂ ತುಕ್ಕು ಹಿಡಿದಿಲ್ಲ. ಮೊಹಮ್ಮದ್ ಸೇನೆಗೆ ಹೋಗುವಾಗ ಬಿಟ್ಟು ಹೋದವು.

“ಬಂದು ಕೇಳಿದ್ರೆ ಅಂತ ವರ್ಷಾ ವರ್ಷಾ ಎಣ್ಣೆ ಹಚ್ತಿದ್ದೆ” ಎಂದಳು ಮುದುಕಿ. ಆತಿಫ್ ತನ್ನ ಅಜ್ಜನ ಬೆಣೆಗಳನ್ನು ಎರಡೂ ಕೈಯಲ್ಲಿ ಈಸಿಕೊಂಡ.

ಹನ್ನೊಂದು ನಲವತ್ತಕ್ಕೆ ಮೂವತ್ತೂ ಬೆಣೆ ಕೂತವು. ಅಡ್ಡ ಸೀಳುವಾಗ ಜೋರು ಮಾಡುವಂತಿಲ್ಲ. ಎಡದಿಂದ ಬಲಕ್ಕೆ ಒಂದೊಂದೇ ಸಣ್ಣ ಪೆಟ್ಟು, ಎಲ್ಲ ಬೆಣೆಗಳಿಂದಲೂ ಒಂದೇ ಸದ್ದು ಬರುವವರೆಗೆ. ಪಂಚಪ್ಪ ಬಂಡೆಗೆ ಕಿವಿ ಹಚ್ಚಿದ. “ಹದಿನೇಳನೇದು ಹಿಂದ ಬಿದ್ದೈತಿ” ಎಂದು ಅವನು ಪಿಸುಗುಟ್ಟಿದರೆ “ಹದಿನೇಳೂ...” ಎಂದು ದಾಕ್ಷಾಯಣಿ ಒದರಬೇಕು, ಸುತ್ತಿಗೆ ಅಲ್ಲಿಗೆ ಬೀಳಬೇಕು. ಠಣ್, ಠಣ್ ಎನ್ನುತ್ತಿದ್ದ ಸದ್ದು ಸಣ್ಣಗೆ ಮೇಲೇರುತ್ತ ಹೋಯಿತು.

“ಸಾಕು” ಎಂದ ಪಂಚಪ್ಪ. “ಇನ್ನೊಂದ ಸುತ್ತು. ಹಾಜರಿ ಆಗ್ಲಿ.”

ಈ ಸಲ ಹೆಸರುಗಳು ಪಟಪಟನೆ ಬಂದವು, ಉತ್ತರಗಳೂ ಅಷ್ಟೇ ಬೇಗ ಬಂದವು. ದಾಕ್ಷಾಯಣಿ ಕಿವಿ ಕಿತ್ತು ಹೋಗುವಂತೆ “ಹೊರಗಿದ್ದೀನಿ!” ಎಂದಾಗ ಎಲ್ಲರೂ ನಕ್ಕರು. ಆತಿಫ್ ಸುತ್ತಿಗೆ ಎತ್ತಿದ.

“ತಡಿಯಪ್ಪಾ” ಎಂದ ಪಂಚಪ್ಪ. “ಕಲ್ಲಿನ ಮ್ಯಾಲ ಇರೋರನ್ನ ಕೂಗಿಲ್ಲ.”

ಆತಿಫ್ ಸುತ್ತಿಗೆ ಇಳಿಸಿದ. ಪ್ರತಿ ಡಿಸೆಂಬರಿನಲ್ಲೂ ಆ ಐದು ಹೆಸರು ಕೂಗುವುದು ಕಾಲೊನಿಯ ಪದ್ಧತಿಯೇ. ಆದರೆ ಅವಕ್ಕೆ ಯಾರೂ ಓಗೊಡುವುದಿಲ್ಲ. ಹೆಸರು ಕೂಗಿ, ತಲೆ ತಗ್ಗಿಸಿ, ಮುಂದಿನ ಹೆಸರಿಗೆ ಹೋಗುವುದು ಅಷ್ಟೇ. ಐವತ್ತು ವರ್ಷದಿಂದ ಹಾಗೆಯೇ ನಡೆದಿತ್ತು. ಇವತ್ತು ಹಾಗಾಗುವಂತಿಲ್ಲ. ಉತ್ತರ ಬರದಿದ್ದರೆ ಪೆಟ್ಟು ಬೀಳುವುದಿಲ್ಲ, ಪೆಟ್ಟು ಬೀಳದಿದ್ದರೆ ಹನ್ನೆರಡಕ್ಕೆ ಯಂತ್ರ ಬರುತ್ತದೆ.

“ಮೊಹಮ್ಮದ್!”

ಜೈಬುನ್ನೀಸಾ ಕುರ್ಚಿಯಿಂದ ಎದ್ದು ನಿಂತಳು. “ಹೊರಗಿದ್ದಾರೆ” ಎಂದಳು, ಗಂಡ ಪಕ್ಕದಲ್ಲೇ ನಿಂತಿದ್ದಾನೆ ಎನ್ನುವಷ್ಟು ಸರಾಗವಾಗಿ.

“ಶರಣು!” “ಯಮನೂರಪ್ಪ!” ಎಂದಾಗ ಹಿಂದಿನಿಂದ ಒಬ್ಬಳು ಮೊಮ್ಮಗಳು, ಒಬ್ಬ ತಮ್ಮನ ಮಗ ‘ಹೊರಗಿದ್ದಾರೆ’ ಎಂದು ಕೂಗಿದರು.

“ದುರಗಪ್ಪ!”

ದುರಗಪ್ಪನಿಗೆ ಹಿಂದುಮುಂದು ಯಾರೂ ಉಳಿದಿರಲಿಲ್ಲ. ಪಂಚಪ್ಪ ಇನ್ನೊಮ್ಮೆ ಕೂಗಿದ. ಆಗ ಕ್ರೇನಿನ ಕ್ಯಾಬಿನ್ನಿನಿಂದ ಡ್ರೈವರ್ ಬಾಲರಾಜ್ ಅರ್ಧ ಹೊರಬಾಗಿ, “ಹೊರಗೌರೆ ಕಣಜ್ಜೋ! ಈ ಕಡೀಕ್ ನಾನೇ ನೋಡ್ಕಂತೀನಿ, ನೀವ್ ಕೂಗಿ ಮುಂದಕ್ಕೆ!” ಎಂದು ಕಿರುಚಿದ. ಅತ್ತ ಸ್ಮಿತಾ ಕಣ್ಣೊರೆಸಿಕೊಂಡಳು.

“ಶಿವಪುತ್ರ!”

ದಾಕ್ಷಾಯಣಿ ಬಾಯಿ ತೆರೆದಳು. ಅಪ್ಪನನ್ನು ಕುರಿತು ಅವಳು ಅದುವರೆಗೆ ಆಡಿದ್ದೆಲ್ಲ ‘ಇದ್ದರಂತೆ’, ‘ಹೋದರಂತೆ’ ಎಂಬ ಬೇರೆಯವರ ಮಾತೇ. ಕಣ್ಣಾರೆ ಕಂಡವರು ಮಾತ್ರ ಉತ್ತರ ಕೊಡಬೇಕು. ಅವಳು ಕಂಡಿದ್ದಳಲ್ಲ? ದಿನಾ ಬೆಳಿಗ್ಗೆ, ಬಸ್ಸು ಹತ್ತುವ ಮೊದಲು, ಓರೆಯಾಗಿ ದಪ್ಪವಾಗಿ ಬರೆಯುವ ಆ ಮನುಷ್ಯನನ್ನು ಅವಳಲ್ಲದೆ ಇನ್ಯಾರು ಕಂಡಿದ್ದರು?

“ಹೊರಗಿದ್ದಾರೆ!” ಎಂದಳು. ಡಿಪೋದವರು ಹೇಳುವುದು ಸುಳ್ಳಲ್ಲ, ಆ ಕೂಗು ಯಲಹಂಕಕ್ಕೆ ಕೇಳಿಸಿರಬೇಕು. “ನಮ್ಮಪ್ಪ ಹೊರಗಿದ್ದಾರೆ ಕಾಕಾ! ಹೊಡೀರಿ!”

ಸುತ್ತಿಗೆ ಎಡದಿಂದ ಬಲಕ್ಕೆ ನಡೆಯಿತು. ಇಪ್ಪತ್ತೊಂಬತ್ತು. ಮೂವತ್ತು. ಏನೂ ಆಗಲಿಲ್ಲ. ಪಂಚಪ್ಪ ಕೈ ಮೇಲೆತ್ತಿ “ಈಗ ಮಾತಾಡ್ತೈತಿ, ಸುಮ್ನಿರ್ರಿ” ಎಂದ. ಎಲ್ಲರೂ ಕಾದರು. ಬಂಡೆಯ ಒಳಗೆಲ್ಲೋ ಚಟ್ ಎಂದಿತು. ಕುಳಿಯಿಂದ ಕುಳಿಗೆ ಒಂದು ಗೆರೆ ಓಡಿತು, ಓಡಿ ಓಡಿ ಆ ತುದಿ ಮುಟ್ಟಿತು. ಇಡೀ ಮುಖ ಒಂದು ಬೆರಳಿನಷ್ಟು ಮುಂದೆ ಸರಿದು, ಬುಡದಲ್ಲಿ ಹಾಸಿದ್ದ ಟೈರುಗಳ ಮೇಲೆ ಮೆಲ್ಲಗೆ ಕೂತಿತು.

ಹೋ ಎಂಬ ಕೂಗಿಗೆ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲೆಲ್ಲ ಜನ ಬಂದು ನಿಂತರು. ದಾಕ್ಷಾಯಣಿ ಓಡಿದಳು. ಐದು ಹೆಸರು. ಒಂದಕ್ಕೂ ಕೂದಲೆಳೆಯಷ್ಟು ಗಾಯವಿಲ್ಲ. ಮೇಲಕ್ಕೆ ಹತ್ತಿದ ಆ ಕೊನೆಯ ಅಕ್ಷರ ಹತ್ತಿದ ಹಾಗೆಯೇ ಇತ್ತು. ಅದರ ಮೇಲೆ ಬೆರಳಿಟ್ಟವಳಿಗೆ ತೆಗೆಯಲು ಆಗಲಿಲ್ಲ.

ಚಪ್ಪಡಿಗೆ ಕ್ರೇನಿನ ಬೆಲ್ಟು ಸುತ್ತಿದ್ದಾಯಿತು. ಹನ್ನೆರಡಕ್ಕೆ ಮೂರು ನಿಮಿಷವಿತ್ತು. ಕಲ್ಲು ಒಡೆದ ಮೇಲೂ ಒಮ್ಮೆ ಹಾಜರಿ ಆಗಬೇಕು, ಯಾರಿಗೂ ಪೆಟ್ಟಾಗಿಲ್ಲ ಎಂದು ತಿಳಿಯಲು. ಪಂಚಪ್ಪ ಕೂಗುತ್ತ ಬಂದ.

“ದಾಕ್ಷಾಯಣಿ!”

ಅವಳ ಬೆರಳು ಇನ್ನೂ ಅಪ್ಪನ ಹೆಸರಿನ ಮೇಲೇ ಇತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖವೆಲ್ಲ ಕಲ್ಲಿನ ಧೂಳು.

“ಮತ್ತ್ಯಾಕವಾ ಸುಮ್ನಾದಿ?” ಪಂಚಪ್ಪ ಗಾಬರಿಯಾದ. “ಎಳಿ ಮತ್ತ ತಪ್ಪೈತೇನು?”

“ಅಕ್ಕೋ!” ಬಾಲರಾಜ್ ಮೇಲಿನಿಂದ ಕೈಮುಗಿದ. “ನಿಮ್ ದಮ್ಮಯ್ಯ, ಒಂದ್ ರೈಟ್ ಕೊಟ್ಬುಡಿ, ಎತ್ತಿಬುಡ್ತೀನಿ!”

ದಾಕ್ಷಾಯಣಿ ಸೆರಗಿನಿಂದ ಮೂಗೊರೆಸಿಕೊಂಡು ಹೆಸರಿನ ಮೇಲಿಂದ ಬೆರಳು ತೆಗೆದಳು. ಬಸ್ಸಿಗೆ ತಟ್ಟುವ ಹಾಗೆ ಕಲ್ಲಿನ ಮೈಗೆ ಎರಡು ಸಲ ಪಟಪಟ ತಟ್ಟಿ, ಎರಡು ಹೆಜ್ಜೆ ಹಿಂದೆ ಸರಿದಳು.

“ಹೊರಗಿದ್ದೀನಿ ಕಾಕಾ!” ಎಂದಳು. “ಎಲ್ಲಾರೂ ಹೊರಗಿದ್ದೀವಿ. ರೈಟ್! ರೈಟ್!”